ನಾಯಿ ಹಿಡಿದ ಜವಾರಿ ಹೇಂಟೆ: ಬೆನ್ನಿನ ಗಾಯ, ಎಳೆಯುವ ಕಾಲು, ಹಸಿರು ಹಿಕ್ಕೆ

ಪ್ರಶ್ನೆ: ನಮ್ಮದು ಗುಳೇದಗುಡ್ಡದ ಹತ್ತಿರದ ಹಳ್ಳಿ. ಮನೆಯಲ್ಲಿ ಮಗ್ಗವಿದೆ, ಅಂಗಳದಲ್ಲಿ ಏಳೆಂಟು ಜವಾರಿ ಕೋಳಿ. ಮೊನ್ನೆ ಸಂಜೆ ಬೀದಿನಾಯಿ ಒಂದು ಹೇಂಟೆಯನ್ನು ಹಿಡಿದು ಎಳೆದಾಡಿತು. ಬೆನ್ನಿನ ಮೇಲೆ ಅಂಗೈಯಗಲ ಚರ್ಮ ಕಿತ್ತುಬಂದಿದೆ, ಎಡಗಾಲು ಎಳೆಯುತ್ತದೆ. ಅವತ್ತೇ ಅರಿಶಿನ, ಕೊಬ್ಬರಿ ಎಣ್ಣೆ ಕಲಸಿ ಮೆತ್ತಿದೆವು. ಈಗ ಗಾಯದ ಸುತ್ತ ಚರ್ಮ ಹಸಿರಾಗಿದೆ, ಹಿಕ್ಕೆಯೂ ಹಸಿರು. ಕಾಳು ಮುಟ್ಟುತ್ತಿಲ್ಲ. ಬಾಯಿಗೆ ನೀರು ಹಾಕಿದರೆ ಕೆಮ್ಮುತ್ತದೆ. ಮೂರು ವಾರದ ಏಳು ಮರಿಗಳಿವೆ. ‘ಕೊಳೀಲಿಕ್ಕತ್ತೈತಿ, ಇವತ್ತ ಕೊಯ್ದು ಸಾರು ಮಾಡ್ರಿ’ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಬನಶಂಕರಿ ಜಾತ್ರೆಗೆ ಬೀಗರೂ ಬರುವವರಿದ್ದಾರೆ. ಅವ್ವ ಮಾತ್ರ ಒಪ್ಪುತ್ತಿಲ್ಲ. ಮನೆಯಲ್ಲೇ ಉಳಿಸಿಕೊಳ್ಳಬಹುದೇ? ಅದರ ಮೊಟ್ಟೆ ತಿನ್ನಬಹುದೇ? ನಾಯಿ ಕಚ್ಚಿದ್ದರಿಂದ ರೇಬೀಸ್ ಭಯ ಇದೆಯೇ?

ಉತ್ತರ:

ನಿಮ್ಮ ಅವ್ವನ ಪರವಾಗಿಯೇ ಶುರು ಮಾಡುತ್ತೇನೆ. ಆ ಹಸಿರು ಕೊಳೆತದ್ದಲ್ಲ.

ನಮಗೆ ಪೆಟ್ಟು ಬಿದ್ದರೆ ಚರ್ಮ ಮೊದಲು ಕೆಂಪಾಗಿ, ನೀಲಿಯಾಗಿ, ಕೊನೆಗೆ ಹಳದಿಗೆ ತಿರುಗುತ್ತದೆ. ಒಳಗೆ ಹೆಪ್ಪುಗಟ್ಟಿದ ರಕ್ತ ಒಡೆದು ಮೊದಲು ಬಿಲಿವರ್ಡಿನ್ ಎಂಬ ಹಸಿರು ವಸ್ತು, ಆಮೇಲೆ ಬಿಲಿರುಬಿನ್ ಎಂಬ ಹಳದಿ ವಸ್ತು ಆಗುವುದರಿಂದ ಹೀಗೆ. ಕೋಳಿಯ ಮೈಯಲ್ಲಿ ಈ ಕೆಲಸ ಹೆಚ್ಚುಕಮ್ಮಿ ಹಸಿರಿಗೇ ನಿಂತುಬಿಡುತ್ತದೆ. ಹಾಗಾಗಿ ಪೆಟ್ಟು ಬಿದ್ದ ಎರಡನೇ ದಿನಕ್ಕೆ ಕೋಳಿಯ ಚರ್ಮ ಹೆಸರುಕಾಳಿನ ಬಣ್ಣಕ್ಕೆ ಬಂದರೆ ಅದು ಕಂದಿದ ಗುರುತು, ಅಷ್ಟೇ. ಇದನ್ನು ನೋಡಿ ಹೆದರಿ ಕೊಯ್ದ ಕೋಳಿಗಳನ್ನು ನಾನು ಎಷ್ಟು ಕಂಡಿದ್ದೇನೋ ಲೆಕ್ಕವಿಲ್ಲ. ನಿಜವಾಗಿ ಕೊಳೆತಿದ್ದರೆ ಮೂಗಿಗೇ ಗೊತ್ತಾಗುತ್ತದೆ. ಆ ಜಾಗ ತಣ್ಣಗಿರುತ್ತದೆ, ಕಪ್ಪಾಗಿ ಒಣ ಚಕ್ಕಳದ ಹಾಗೆ ಆಗಿರುತ್ತದೆ, ಇಲ್ಲವೇ ಲೋಳೆಲೋಳೆಯಾಗಿ ನಾತ ಹೊಡೆಯುತ್ತದೆ. ಬೆರಳಿಟ್ಟು ನೋಡಿ. ಹಸಿರು ಚರ್ಮ ಮೆತ್ತಗೆ, ಬೆಚ್ಚಗೆ ಇದೆ, ನಾತ ಇಲ್ಲ ಅಂದರೆ ಅದರ ಚಿಂತೆ ಬಿಡಿ.

ಹಿಕ್ಕೆಯ ಹಸಿರು ಬೇರೆ ಕಥೆ. ಅದು ಪಿತ್ತದ ಬಣ್ಣ. ಹೊಟ್ಟೆಗೆ ಏನೂ ಹೋಗದಿದ್ದಾಗ ಬರೀ ಪಿತ್ತವೇ ಹೊರಗೆ ಬರುತ್ತದೆ. ರಾಣಿಖೇತ್ ಅಂದರೆ ಕೊಕ್ಕರೆ ರೋಗದಲ್ಲೂ ಹಸಿರು ಹಿಕ್ಕೆ ಬರುತ್ತದೆ, ನಿಜ. ಆದರೆ ಆ ರೋಗವಾದರೆ ಒಂದಕ್ಕೇ ನಿಲ್ಲುವುದಿಲ್ಲ, ಅಂಗಳದ ಉಳಿದ ಕೋಳಿಗಳೂ ತೂಕಡಿಸುತ್ತವೆ, ಕೆಲವು ಕತ್ತು ತಿರುಚುತ್ತವೆ. ಉಳಿದವುಗಳಿಗೆ ಏನಾದರೂ ಆಗಿದೆ ಅಂತ ನೀವು ಬರೆದಿಲ್ಲ, ಇದೊಂದೇ ಎರಡು ದಿನದಿಂದ ಉಪವಾಸ. ಹಾಗಾಗಿ ಆ ಹಸಿರು ಹೇಳುತ್ತಿರುವುದು ಹಸಿವನ್ನು. ಬೆನ್ನಿಗಿಂತ ಮೊದಲು ನೋಡಿಕೊಳ್ಳಬೇಕಾದ್ದು ಅದನ್ನೇ.

ಕೋಳಿ ನರಳುವುದಿಲ್ಲ. ನಾಯಿಗೋ ಆಕಳಿಗೋ ನೋವಾದರೆ ಮುಖದಲ್ಲಿ ಕಾಣುತ್ತದೆ. ಕೋಳಿ ಹದ್ದಿಗೂ ಬೆಕ್ಕಿಗೂ ಆಹಾರವಾಗಿ ಬದುಕಿದ ಪಕ್ಷಿ. ಸೋತದ್ದು ತೋರಿಸಿಕೊಂಡರೆ ಸತ್ತಂತೆ ಅಂತ ಅದರ ರಕ್ತಕ್ಕೇ ಗೊತ್ತು. ನೀವು ಹತ್ತಿರ ಹೋದ ಕೂಡಲೇ ಕಣ್ಣರಳಿಸಿ ನಿಲ್ಲುತ್ತದೆ, ‘ಆರಾಮ ಐತಿ’ ಅಂತ ನೀವು ಸಮಾಧಾನ ಮಾಡಿಕೊಳ್ಳುತ್ತೀರಿ. ಮರುದಿನ ಸತ್ತಿರುತ್ತದೆ. ಅದಕ್ಕೇ ನಾನು ಯಾವಾಗಲೂ ಎರಡೇ ಜಾಗ ನೋಡಿ ಅನ್ನುತ್ತೇನೆ: ಕತ್ತಿನ ಬುಡದ ಕಾಳಿನ ಚೀಲ, ಮತ್ತು ಹಿಕ್ಕೆ. ಕಾಳಿನ ಚೀಲಕ್ಕೆ ಡಾಕ್ಟರುಗಳು ಕ್ರಾಪ್ ಅನ್ನುತ್ತಾರೆ. ಎದೆಯ ಮೇಲೆ, ಸ್ವಲ್ಪ ಬಲಕ್ಕೆ, ಕೈಗೆ ಸಿಗುತ್ತದೆ. ರಾತ್ರಿ ಮಲಗುವಾಗ ಅದು ತುಂಬಿರಬೇಕು, ಬೆಳಿಗ್ಗೆ ಖಾಲಿಯಾಗಿರಬೇಕು. ರಾತ್ರಿಯೂ ಖಾಲಿಯಿದ್ದರೆ ಕೋಳಿ ತಿಂದಿಲ್ಲ. ಬೆಳಿಗ್ಗೆಯೂ ಹಿಟ್ಟಿನ ಮುದ್ದೆಯ ಹಾಗೆ ತುಂಬಿಯೇ ಇದ್ದರೆ ಒಳಗೆ ಹರಿದಾಟ ನಿಂತಿದೆ. ಆಗ ಮೇವು ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು.

ಇವತ್ತು ರಾತ್ರಿಯ ಕೆಲಸ ಇಷ್ಟು. ಒಂದು ರಟ್ಟಿನ ಡಬ್ಬ ಅಥವಾ ಬುಟ್ಟಿ ತೆಗೆದುಕೊಳ್ಳಿ. ತಳಕ್ಕೆ ಹಳೆ ಹತ್ತಿ ಬಟ್ಟೆ ಹಾಸಿ. ಹೊಟ್ಟು, ಬೂದಿ, ಮಣ್ಣು ಬೇಡ, ಗಾಯಕ್ಕೆ ಅಂಟುತ್ತದೆ. ನಿಮ್ಮದು ಮಗ್ಗದ ಮನೆ, ಹಾಗಾಗಿ ಇನ್ನೊಂದು ಮಾತು: ಎಳೆ ಬಿಟ್ಟ ಬಟ್ಟೆ, ನೂಲಿನ ತುಣುಕು ಅದರಲ್ಲಿ ಇರಬಾರದು. ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಕಾಲ್ಬೆರಳಿಗೆ ರೇಷ್ಮೆ ಎಳೆ ಸುತ್ತಿಕೊಂಡು ಬೆರಳೇ ಉದುರಿದ ಕೋಳಿಗಳನ್ನು ನೋಡಿದ್ದೇನೆ. ಎಳೆ ಚರ್ಮದೊಳಗೆ ಇಳಿದರೆ ಕಾಣುವುದೇ ಇಲ್ಲ, ಸುಮ್ನೆ ಕಾಲು ಊದಿದೆ ಅಂದುಕೊಳ್ಳುತ್ತೇವೆ. ಎಡಗಾಲಿನ ಬೆರಳುಗಳ ಸಂದು ಒಮ್ಮೆ ಬಿಡಿಸಿ ನೋಡಿ. ನಾಯಿಗೂ ಆ ಕಾಲಿಗೂ ಸಂಬಂಧವೇ ಇಲ್ಲದಿರಬಹುದು.

ಡಬ್ಬವನ್ನು ಮನೆಯೊಳಗೆ, ಗಾಳಿ ನುಗ್ಗದ, ಜನ ಓಡಾಡದ ಮೂಲೆಯಲ್ಲಿಡಿ. ಮೇಲೆ ಅರ್ಧಕ್ಕೆ ಬಟ್ಟೆ ಮುಚ್ಚಿ. ಈಗ ರಾತ್ರಿ ಚಳಿಯಿದೆ. ನೀವು ಎಣ್ಣೆ ಬೇರೆ ಹಚ್ಚಿದ್ದೀರಿ. ಎಣ್ಣೆ ಮೆತ್ತಿದ ಗರಿ ಒದ್ದೆ ಕಂಬಳಿಯ ಹಾಗೆ, ಬೆಚ್ಚಗೆ ಹಿಡಿಯುವುದಿಲ್ಲ. ಒಂದು 40 ವ್ಯಾಟಿನ ಹಳೆ ಕಾಲದ ಬಲ್ಬನ್ನು ಡಬ್ಬದ ಒಂದೇ ಬದಿಗೆ, ಒಂದೂವರೆ ಅಡಿ ದೂರದಲ್ಲಿ ತೂಗುಹಾಕಿ. ಎಲ್‌ಇಡಿ ಬಲ್ಬು ಉಪಯೋಗವಿಲ್ಲ, ಅದು ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಬಲ್ಬು ಇಲ್ಲದಿದ್ದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕಕ್ಕಿಡಿ. ಇನ್ನೊಂದು ಬದಿ ತಣ್ಣಗಿರಲಿ, ಬೇಕಾದ ಕಡೆ ಕೋಳಿಯೇ ಸರಿದುಕೊಳ್ಳುತ್ತದೆ. ಇದೇ ಮಾತು ಏಪ್ರಿಲ್-ಮೇ ತಿಂಗಳಲ್ಲಿ ಕೇಳಿದ್ದರೆ ನಾನು ಪೂರ್ತಿ ಉಲ್ಟಾ ಹೇಳುತ್ತಿದ್ದೆ. ನಮ್ಮ ಕಡೆಯ ಬಿಸಿಲಿಗೆ ತಗಡಿನ ಕೆಳಗಿಟ್ಟ ಗಾಯದ ಕೋಳಿ ಮಧ್ಯಾಹ್ನದೊಳಗೆ ಬಾಯಿ ತೆರೆದು ಸಾಯುತ್ತದೆ.

ಒಂದು ಸಣ್ಣ ವಿಷಯ. ಕೋಳಿಯ ಮೈ ಮುಟ್ಟಿ ‘ಜ್ವರ ಬಂದಿದೆ’ ಅನ್ನುವವರು ಬಹಳ. ಅದರ ಮಾಮೂಲಿ ಶಾಖವೇ 105ರಿಂದ 107 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಕೈಗೆ ಅದು ಯಾವಾಗಲೂ ಸುಡುತ್ತದೆ. ಹೆದರಬೇಕಾದ್ದು ಕಾಲು, ಜುಟ್ಟು ತಣ್ಣಗಾದಾಗ. ಜುಟ್ಟು ಬಿಳಿಚಿದ್ದರೆ ರಕ್ತ ಜಾಸ್ತಿ ಹೋಗಿದೆ ಅಂತ ಅರ್ಥ. ಒಂದೂವರೆ ಕಿಲೋ ಹೇಂಟೆಯ ಮೈಯಲ್ಲಿ ಇರುವುದೇ ಹೆಚ್ಚುಕಮ್ಮಿ 100 ಮಿಲಿ ರಕ್ತ, ನಮ್ಮ ಹೋಟೆಲಿನ ಒಂದು ಚಹಾ ಕಪ್ಪಿನಷ್ಟು.

ನೀರಿನ ವಿಷಯಕ್ಕೆ ಬರುತ್ತೇನೆ. ಬಾಯಿ ತೆರೆಸಿ ನೀರು ಸುರಿಯುವುದನ್ನು ಇವತ್ತಿಗೇ ನಿಲ್ಲಿಸಿ. ಕೋಳಿಯ ನಾಲಿಗೆಯ ಬುಡದಲ್ಲೇ, ನೇರ ಮಧ್ಯದಲ್ಲಿ, ಉಸಿರಿನ ಕೊಳವೆಯ ಬಾಯಿದೆ. ನೀವು ಸುರಿದ ನೀರು ಸೀದಾ ಅಲ್ಲಿಗೇ ಹೋಗುತ್ತದೆ. ಆ ಕೆಮ್ಮು ಅದೇ. ನಾಯಿಯಿಂದ ತಪ್ಪಿಸಿಕೊಂಡ ಕೋಳಿ ನಮ್ಮ ಲೋಟದಿಂದ ಸಾಯಬಾರದು ಅಲ್ವಾ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ. ಚಮಚ ಅಂಚಿಗೆ ಮಟ್ಟಸವಾಗಿರಲಿ, ಗೋಪುರ ಬೇಡ. ಅಂಗಡಿಯ ಓಆರ್‌ಎಸ್ ಪುಡಿಯೂ ಆಗುತ್ತದೆ. ಅಗಲ ತಟ್ಟೆಯಲ್ಲಿ ಹಾಕಿ ಕೊಕ್ಕಿನ ತುದಿ ಮಾತ್ರ ಅದ್ದಿ ಬಿಡಿ. ಕುಡಿಯದಿದ್ದರೆ ಬೆರಳು ಅದ್ದಿ ಕೊಕ್ಕಿನ ಪಕ್ಕಕ್ಕೆ ಒಂದು ಹನಿ ಇಳಿಬಿಡಿ. ಅದು ತಲೆಯೆತ್ತಿ ನುಂಗುತ್ತದೆ. ನುಂಗಿದ ಮೇಲೆ ಇನ್ನೊಂದು ಹನಿ. ಅವ್ವನಿಗೆ ಈ ಕೆಲಸ ಕೊಡಿ. ನಿಮಗಿಂತ ತಾಳ್ಮೆ ಅವರಿಗೇ ಇರುತ್ತದೆ.

ನೀರು ಇಳಿದ ಮೇಲೆ ಮೇವು. ಇಡೀ ಕಾಳು ಬೇಡ. ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ, ಬೇಯಿಸಿದ ಮೊಟ್ಟೆಯ ಹಳದಿ ಅರ್ಧ ಕಿವುಚಿ ಕೊಡಿ. ಕೋಳಿಗೆ ಮೊಟ್ಟೆ ತಿನ್ನಿಸುವುದು ಕೇಳಲು ವಿಚಿತ್ರ, ಆದರೆ ಗಾಯ ಮಾಯಲು ಬೇಕಾದ ಸತ್ವ ಅದರಲ್ಲೇ ಇದೆ. ನುಗ್ಗೆ ಸೊಪ್ಪು ಸಣ್ಣಗೆ ಹೆಚ್ಚಿ ಹಾಕಬಹುದು. ಉಪ್ಪು-ಖಾರದ ಸಾರು ಕಲಸಿದ ರೊಟ್ಟಿ ಬೇಡ. ಬೂಸಲು ಬಂದ ಶೇಂಗಾ ಹಿಂಡಿಯಂತೂ ಬೇಡವೇ ಬೇಡ, ಅದರ ವಿಷ ಮೊದಲೇ ಸೋತ ಕೋಳಿಯ ಯಕೃತ್ತಿಗೆ (ಲಿವರ್‌ಗೆ) ಹೊಡೆತ ಕೊಡುತ್ತದೆ. ಕೋಳಿ ತಾನಾಗಿ ತಿನ್ನದಿದ್ದರೆ ಒಂದು ಉಪಾಯವಿದೆ. ತಟ್ಟೆಯನ್ನು ಉಗುರಿನಿಂದ ಟಕಟಕ ಕುಟ್ಟಿ. ಇನ್ನೊಂದು ಕೋಳಿ ಕುಕ್ಕುತ್ತಿದೆ ಅಂದುಕೊಂಡು ಕೊಕ್ಕು ಹಾಕುತ್ತದೆ.

ಈಗ ಗಾಯ. ಇದಕ್ಕೆ ನಾಳೆ ಬೆಳಿಗ್ಗೆ, ನೀರು ಕುಡಿದು ಸ್ವಲ್ಪ ಚೇತರಿಸಿಕೊಂಡ ಮೇಲೆ ಕೈ ಹಾಕಿ. ಮೊದಲ ದಿನವೇ ತಿಕ್ಕಿ ತೊಳೆಯಲು ಹೋಗಿ ಆ ಗಾಬರಿಗೇ ಕೋಳಿ ಸತ್ತದ್ದುಂಟು. ನಿಮ್ಮದಕ್ಕೆ ಎರಡು ದಿನ ಆಗಿರುವುದರಿಂದ ಇನ್ನು ತಡ ಮಾಡುವಂತಿಲ್ಲ. ಆ ಅರಿಶಿನದ ಹೆಪ್ಪು ತೆಗೆಯಲೇಬೇಕು. ಅರಿಶಿನ ವಿಷವಲ್ಲ, ನಮ್ಮಜ್ಜಿಯೂ ಹಚ್ಚುತ್ತಿದ್ದಳು. ಆದರೆ ಅಡುಗೆಮನೆಯ ಡಬ್ಬದ ಪುಡಿ ಹಸಿ ಮಾಂಸದ ಮೇಲೆ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಮೇಲೆ ಒಣಗಿದಂತೆ ಕಾಣುತ್ತದೆ, ಕೆಳಗೆ ನೊಣ ಇಟ್ಟ ಮೊಟ್ಟೆ ಒಡೆದು ಹುಳ ತಿರುಗುತ್ತಿರುತ್ತವೆ. ನೊಣದ ಮೊಟ್ಟೆ ಹುಳವಾಗಲು ಒಂದು ದಿನ ಸಾಕು.

ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ ಒಂದು ಸಣ್ಣ ಚಮಚ ಉಪ್ಪು ಹಾಕಿ. ಔಷಧಿ ಅಂಗಡಿಯಲ್ಲಿ 20 ಮಿಲಿಯ ಸಿರಿಂಜ್ ಸಿಗುತ್ತದೆ, ಸೂಜಿ ಬೇಡ. ಒಬ್ಬರು ಕೋಳಿಯನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಳ್ಳಿ. ಕಣ್ಣು ಮುಚ್ಚುವ ಹಾಗೆ ತಲೆಯ ಮೇಲೆ ಬಟ್ಟೆ ಎಳೆಯಿರಿ, ಕತ್ತಲಾದರೆ ಕೋಳಿ ಸುಮ್ಮನಾಗುತ್ತದೆ. ಎದೆಯನ್ನು ಬಿಗಿಯಾಗಿ ಹಿಡಿಯಬೇಡಿ. ಎದೆಗೂ ಹೊಟ್ಟೆಗೂ ನಡುವೆ ಉಸಿರಾಡಿಸಲು ನಮಗಿರುವ ವಪೆ ಎಂಬ ಪೊರೆ ಕೋಳಿಗಿಲ್ಲ, ಎದೆಯ ಮೂಳೆ ಮುಂದೆ-ಹಿಂದೆ ಆಡಿದರೆ ಮಾತ್ರ ಅದಕ್ಕೆ ಉಸಿರು. ಬಿಗಿ ಹಿಡಿದ ಕೈಯಲ್ಲಿ ಅದು ಸದ್ದಿಲ್ಲದೆ ಉಸಿರುಗಟ್ಟುತ್ತದೆ. ಕಾಲು ಹಿಡಿದು ತಲೆಕೆಳಗೆ ಮಾಡುವ ಸಂತೆಯ ರೂಢಿಯೂ ಬೇಡ.

ಉಗುರುಬೆಚ್ಚಗಿನ ಉಪ್ಪುನೀರನ್ನು ಸಿರಿಂಜಿನಿಂದ ಗಾಯದ ಮೇಲೆ ಪಿಚಕಾರಿ ಹೊಡೆಯಿರಿ, ಅಡ್ಡಡ್ಡವಾಗಿ. ಹೆಪ್ಪು ನೆನೆದು ತಾನೇ ಬಿಡುವವರೆಗೂ ಕಾಯಿರಿ, ಉಗುರಿನಿಂದ ಕೆರೆಯಬೇಡಿ. ಸುತ್ತಲಿನ ಗರಿಗಳನ್ನು ಕತ್ತರಿಯಿಂದ ಕತ್ತರಿಸಿ, ಕೀಳಬೇಡಿ. ಕಿತ್ತರೆ ಚರ್ಮವೂ ಜೊತೆಗೆ ಹರಿಯುತ್ತದೆ. ಹುಳ ಕಂಡರೆ ಚಿಮಟದಿಂದ ಒಂದೊಂದಾಗಿ ತೆಗೆಯಿರಿ. ದನದ ಹುಣ್ಣಿಗೆ ಹಾಕುವ ಟರ್ಪೆಂಟೈನು, ನುಸಿಗುಳಿಗೆ ಪುಡಿ, ಫಿನಾಯಿಲು ಕೋಳಿಗೆ ಹಾಕಬಾರದು. ನಾಲ್ಕು ಕ್ವಿಂಟಾಲಿನ ಎತ್ತಿಗೂ ಒಂದೂವರೆ ಕಿಲೋ ಹೇಂಟೆಗೂ ಅದೇ ಅಳತೆ ನಡೆಯುತ್ತದೆಯೇ?

ತೊಳೆದ ಮೇಲೆ ಪೊವಿಡೋನ್ ಅಯೋಡಿನ್. ಬೆಟಾಡಿನ್ ಅಂತ ಕೇಳಿದರೆ ಕೊಡುತ್ತಾರೆ. ಒಂದು ಪಾಲಿಗೆ ಹತ್ತು ಪಾಲು ನೀರು. ಹಾಲು ಹಾಕದ ತೆಳು ಚಹಾದ ಬಣ್ಣ ಬರಬೇಕು. ನೀರು ಬೆರೆಸದೆ ಸುರಿದರೆ ಹೊಸದಾಗಿ ಹುಟ್ಟುವ ಮಾಂಸವೂ ಸುಡುತ್ತದೆ. ಆಮೇಲೆ ಸುಟ್ಟ ಗಾಯಕ್ಕೆ ಕೊಡುವ ಸಿಲ್ವರ್ ಸಲ್ಫಾಡಯಾಜಿನ್ ಕ್ರೀಮನ್ನು ತೀರಾ ತೆಳ್ಳಗೆ ಸವರಿ. ನೋವು ಮರೆಸುವ ಮುಲಾಮು ಬೇಡ. ಹೆಸರಿನ ಕೊನೆಗೆ ‘ಕೇನ್’ ಅಂತಿರುವ ಔಷಧಿಗಳು ಸ್ವಲ್ಪ ಜಾಸ್ತಿಯಾದರೂ ಹಕ್ಕಿಗಳಿಗೆ ವಿಷ. ಜೇನುತುಪ್ಪ ಗಾಯಕ್ಕೆ ಒಳ್ಳೆಯದೇ, ಪಟ್ಟಣದಲ್ಲಿ ನಾನೇ ಹೇಳುತ್ತೇನೆ. ಹಳ್ಳಿ ಮನೆಯಲ್ಲಿ ಹಚ್ಚಿದರೆ ಬೆಳಗಾಗುವುದರೊಳಗೆ ಇರುವೆ ಸಾಲು ಹಿಡಿದಿರುತ್ತದೆ. ನೊಣಕ್ಕೆ ಬೇವಿನ ಎಣ್ಣೆಯನ್ನು ಗಾಯದ ಅಂಚಿನಿಂದ ಒಂದು ಬೆರಳು ದೂರಕ್ಕೆ ಬಳಿಯಿರಿ, ಗಾಯದ ಒಳಗೆ ಬೇಡ. ದಿನಕ್ಕೆ ಒಂದು ಸಲ ತೊಳೆದರೆ ಸಾಕು. ಐದನೇ ದಿನದಿಂದ ಎರಡು ದಿನಕ್ಕೊಮ್ಮೆ.

ಹೊಲಿಗೆ ಹಾಕಬೇಕಿತ್ತಾ ಅಂತ ಕೇಳಬಹುದು. ಕಚ್ಚಿದ ಕೆಲವೇ ಗಂಟೆಯೊಳಗೆ ಆಗಿದ್ದರೆ ಮಾತು ಬೇರೆ. ಈಗ ಬೇಡ, ಒಳಗಿನ ಹೊಲಸನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟಿದ ಹಾಗಾಗುತ್ತದೆ. ಕೋಳಿಯ ಚರ್ಮ ತಾನಾಗಿ ಕೂಡಿಕೊಳ್ಳುವುದನ್ನು ನೋಡಿದರೆ ನಿಮಗೆ ಆಶ್ಚರ್ಯವಾಗುತ್ತದೆ. ಅಂಗೈಯಗಲದ ಗಾಯ ನಾಲ್ಕರಿಂದ ಆರು ವಾರದಲ್ಲಿ ಅಂಚಿನಿಂದ ಒಳಕ್ಕೆ ಸರಿದು ಮುಚ್ಚಿದ್ದು ಎಷ್ಟೋ ಇವೆ. ನಾಲ್ಕನೇ ದಿನಕ್ಕೆ ತಳ ದಾಳಿಂಬೆ ಕಾಳಿನ ಹಾಗೆ ಕೆಂಪಗೆ, ಸಣ್ಣ ಸಣ್ಣ ಗುಳ್ಳೆಯಾಗಿ ಕಂಡರೆ ಗೆದ್ದಿರಿ. ಕೀವು ಹರಿಯುತ್ತಿಲ್ಲ, ಹಾಗಾಗಿ ನಂಜಿಲ್ಲ ಅಂತ ಮಾತ್ರ ತಿಳಿಯಬೇಡಿ. ಕೋಳಿಯ ಕೀವು ನಮ್ಮದರ ಹಾಗೆ ಹರಿಯುವುದಿಲ್ಲ, ಗಿಣ್ಣದ ಹಾಗೆ ಗಟ್ಟಿ ಕಟ್ಟುತ್ತದೆ. ಚರ್ಮದಡಿ ಹಳದಿ ಗಡ್ಡೆ ಕೈಗೆ ಸಿಕ್ಕರೆ ಅದೇ ಕೀವು. ಅದನ್ನು ಮನೆಯಲ್ಲಿ ಒತ್ತಿ ತೆಗೆಯಲು ಆಗುವುದಿಲ್ಲ, ಡಾಕ್ಟರ್ ಸೀಳಿ ತೆಗೆಯಬೇಕು.

ಇಷ್ಟೆಲ್ಲ ಹೇಳಿದರೂ, ನಾಯಿ ಕಚ್ಚಿದ ಕೋಳಿಗೆ ಒಮ್ಮೆಯಾದರೂ ದನದ ದವಾಖಾನೆ ಕಾಣಿಸಲೇಬೇಕು. ಬೆನ್ನಿನ ದೊಡ್ಡ ಗಾಯ ಕಣ್ಣಿಗೆ ಕಾಣುತ್ತದೆ, ಆದರೆ ಕೊಲ್ಲುವುದು ರೆಕ್ಕೆಯ ಸಂದಿನಲ್ಲಿರುವ ಎರಡು ಸಣ್ಣ ಹಲ್ಲಿನ ತೂತು. ಗರಿ ಅದನ್ನು ಮುಚ್ಚಿರುತ್ತದೆ, ಒಳಗೆ ನಂಜು ಇಳಿಯುತ್ತದೆ. ಎರಡೂ ರೆಕ್ಕೆ ಎತ್ತಿ, ಗರಿಯನ್ನು ಉಫ್ ಅಂತ ಊದಿ ಊದಿ ಹುಡುಕಿ. ಚರ್ಮ ಉಬ್ಬಿ, ಒತ್ತಿದರೆ ಹಪ್ಪಳ ಮುರಿದ ಹಾಗೆ ಚರಚರ ಅಂದರೆ ಒಳಗಿನ ಗಾಳಿಚೀಲ ಹರಿದಿದೆ. ಕೋಳಿಗೆ ಶ್ವಾಸಕೋಶದ ಜೊತೆಗೆ ಹೊಟ್ಟೆಯವರೆಗೂ ಗಾಳಿಚೀಲಗಳಿವೆ, ರೆಕ್ಕೆಯ ಮೇಲಿನ ಮೂಳೆಯೂ ಪೊಳ್ಳು, ಅದರೊಳಗೂ ಗಾಳಿ. ಆ ಮೂಳೆ ಮುರಿದು ಹೊರಗೆ ಬಂದಿದ್ದರೆ ಅಲ್ಲಿಗೆ ಪಿಚಕಾರಿ ಹೊಡೆಯಬೇಡಿ, ನೀರು ಉಸಿರಿನ ದಾರಿಗೇ ಇಳಿಯುತ್ತದೆ. ಇನ್ನು ನೀರು ಕುಡಿದ ಕೂಡಲೇ ಎದೆಯ ಗಾಯದಿಂದ ನೀರು ಜಿನುಗಿದರೆ ಕಾಳಿನ ಚೀಲ ತೂತಾಗಿದೆ. ಇದೆಲ್ಲ ಮನೆಯಲ್ಲಿ ಆಗುವ ಕೆಲಸವಲ್ಲ. ದವಾಖಾನೆ ದೂರವಿದ್ದರೆ 1962ಕ್ಕೆ ಫೋನ್ ಮಾಡಿ ಕೇಳಿ, ಅದು ಪಶುಗಳ ಸಹಾಯವಾಣಿ.

ಹೋಗುವ ಮುಂಚೆ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಕೋಳಿಯ ತೂಕ ಮಾಡಿಸಿಕೊಳ್ಳಿ. ಔಷಧಿಯ ಲೆಕ್ಕ ತೂಕದ ಮೇಲೆ. ಆ್ಯಂಟಿಬಯೋಟಿಕ್ ಬಹುಶಃ ಬೇಕಾಗುತ್ತದೆ, ಆದರೆ ಕೋಳಿ ಔಷಧಿ ಅಂಗಡಿಯ ಬಾಟಲಿ ತಂದು ನೀವೇ ನೀರಿಗೆ ಬೆರೆಸಬೇಡಿ. ಗಾಯದ ಕೋಳಿ ಕುಡಿಯುವುದೇ ನಾಲ್ಕು ಗುಟುಕು. ಆ ನಾಲ್ಕು ಗುಟುಕಿನಲ್ಲಿ ಬೇಕಾದಷ್ಟು ಔಷಧಿ ಹೋಗುವುದಿಲ್ಲ. ನೋವಿಗೆ ಅಂತ ಮನೆಯ ಡೈಕ್ಲೋಫೆನಾಕ್ ಮಾತ್ರೆ ಪುಡಿ ಮಾಡಿ ಕೊಡುವುದಂತೂ ಬೇಡ. ದನಗಳಿಗೆ ಕೊಟ್ಟ ಅದೇ ಔಷಧಿ ಸತ್ತ ದನದ ಮೂಲಕ ರಣಹದ್ದುಗಳ ಮೂತ್ರಪಿಂಡ ಕೆಡಿಸಿತು. ಆ ಹಕ್ಕಿಗಳು ನಮ್ಮ ದೇಶದಲ್ಲಿ ಹೆಚ್ಚುಕಡಿಮೆ ಅಳಿದೇ ಹೋದವು. 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಿದರು. ಕೋಳಿಯ ಮೂತ್ರಪಿಂಡಕ್ಕೂ ಅದು ಕೆಟ್ಟದ್ದೇ. ಹಕ್ಕಿಗಳಿಗೆ ಒಗ್ಗುವ ಮೆಲಾಕ್ಸಿಕಾಮ್ ಇದೆ, ಎಷ್ಟು ಅಂತ ಡಾಕ್ಟರೇ ಹೇಳಲಿ.

ಕಾಲಿನ ಬಗ್ಗೆ ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸದು, ವಿಜಯಪುರ ಜಿಲ್ಲೆಯ ಒಂದು ಸಣ್ಣ ಊರು. ಒಬ್ಬ ಅಜ್ಜಿ ಸೆರಗಿನಲ್ಲಿ ಸುತ್ತಿಕೊಂಡು ಕಾಲು ಮುರಿದ ಹೇಂಟೆ ತಂದಳು. ನಾನು ಬಹಳ ಹುರುಪಿನಿಂದ ಬಿದಿರು ಸೀಳಿ, ಹತ್ತಿಯಿಲ್ಲದೆ, ಬ್ಯಾಂಡೇಜು ಜಗ್ಗಿ ಜಗ್ಗಿ ಸುತ್ತಿ ಕಟ್ಟಿದೆ. ಕಟ್ಟು ಅಲುಗಾಡದಷ್ಟು ಗಟ್ಟಿ. ನನಗೇ ಹೆಮ್ಮೆ. ನಾಲ್ಕು ದಿನ ಬಿಟ್ಟು ಅಜ್ಜಿ ಮತ್ತೆ ಬಂದಳು. ಕಟ್ಟಿನ ಕೆಳಗೆ ಪಾದ ನೇರಳೆ ಹಣ್ಣಿನ ಬಣ್ಣ, ಮುಟ್ಟಿದರೆ ಬಾವಿಕಟ್ಟೆಯ ಕಲ್ಲಿನ ಹಾಗೆ ತಣ್ಣಗೆ. ಅಜ್ಜಿ ಏನೂ ಬೈಯಲಿಲ್ಲ. ‘ಭಾಳ ಬಿಗೀ ಆತೇನೋ, ತಮ್ಮಾ’ ಅಂದಳು, ಅಷ್ಟೇ. ಆ ಪಾದ ಉಳಿಯಲಿಲ್ಲ.

ಅವತ್ತಿನಿಂದ ಕಟ್ಟು ಹಾಕುವ ಮುಂಚೆ ಯಾವ ಮೂಳೆ ಅಂತ ಮೊದಲು ನೋಡುತ್ತೇನೆ. ರಾತ್ರಿ ಕತ್ತಲಲ್ಲಿ ಕೋಳಿಯನ್ನು ಎತ್ತಿಕೊಂಡು ಎರಡೂ ಕಾಲನ್ನು ಒಟ್ಟಿಗೆ ಸವರಿ, ಎಡ-ಬಲ ಹೋಲಿಸಿ. ಹಿಂದಕ್ಕೆ ಬಾಗುವ, ನಾವು ಮೊಣಕಾಲು ಅಂದುಕೊಂಡ ಗಂಟು ನಿಜವಾಗಿ ಅದರ ಹಿಮ್ಮಡಿ. ಅದರ ಕೆಳಗಿನ ಹುರುಪೆ ಚರ್ಮದ ಕಾಲು ಮುರಿದಿದ್ದು, ಚರ್ಮ ಒಡೆಯದೇ ಇದ್ದರೆ ಮನೆಯಲ್ಲಿ ಕಟ್ಟಬಹುದು. ಗರಿಯೊಳಗಿನ ಮೇಲಿನ ಮೂಳೆ ಆಗಿದ್ದರೆ ನೀವು ಕಟ್ಟಬೇಡಿ, ಸಣ್ಣ ಡಬ್ಬದಲ್ಲಿ ಓಡಾಡದ ಹಾಗೆ ಇಟ್ಟು ದವಾಖಾನೆಗೆ ಒಯ್ಯಿರಿ. ಬೆರಳನ್ನು ಮೆಲ್ಲಗೆ ಚಿವುಟಿ. ಕಾಲು ಹಿಂದಕ್ಕೆ ಎಳೆದುಕೊಂಡರೆ ನರ ಜೀವಂತವಿದೆ. ಎಷ್ಟೋ ಸಲ ಮೂಳೆ ಮುರಿದೇ ಇರುವುದಿಲ್ಲ. ನಾಯಿ ಜಗ್ಗಿದಾಗ ಉಳುಕಿರುತ್ತದೆ, ಹತ್ತು ದಿನ ಕೂಡಿಹಾಕಿದರೆ ತಾನೇ ಸರಿಹೋಗುತ್ತದೆ.

ಕಟ್ಟುವುದಾದರೆ ಬಿದಿರಿಗಿಂತ ಒಳ್ಳೆಯದು ನಮ್ಮ ಹೊಲಗಳಲ್ಲೇ ಬಿದ್ದಿರುತ್ತದೆ: ಹನಿ ನೀರಾವರಿಯ 16 ಎಂಎಂ ಲ್ಯಾಟರಲ್ ಪೈಪು. ದಾಳಿಂಬೆ, ದ್ರಾಕ್ಷಿ ಇಟ್ಟವರನ್ನು ಕೇಳಿದರೆ ತುಂಡು ಕೊಡುತ್ತಾರೆ. ಸಾಬೂನಿನಿಂದ ತೊಳೆದು, ಉದ್ದಕ್ಕೆ ಸೀಳಿ ಎರಡು ದೋಣಿ ಮಾಡಿ. ಅಂಚು ಕಾಲಿಗೆ ಚುಚ್ಚದ ಹಾಗೆ ಹತ್ತಿ ಸುತ್ತಿ. ಮೇಲಿನ ಗಂಟು, ಕೆಳಗಿನ ಗಂಟು ಎರಡೂ ಅಲ್ಲಾಡದಷ್ಟು ಉದ್ದ ಇರಲಿ. ಕಾಗದದ ಟೇಪಿನಿಂದ ಸುತ್ತಿ, ನೂಲಿನಿಂದ ಅಲ್ಲ. ಮಗ್ಗದ ಮನೆಯಲ್ಲಿ ಕೈಗೆ ಮೊದಲು ಸಿಗುವುದು ನೂಲೇ, ಅದಕ್ಕೇ ಹೇಳಿದೆ. ಬೆರಳ ತುದಿ ಹೊರಗಿರಲಿ. ದಿನಕ್ಕೆರಡು ಸಲ ಆ ತುದಿಯನ್ನು ಇನ್ನೊಂದು ಕಾಲಿನ ಜೊತೆ ಮುಟ್ಟಿ ಹೋಲಿಸಿ. ತಣ್ಣಗಾದರೆ, ಊದಿದರೆ ತಕ್ಷಣ ಬಿಚ್ಚಿ. ಕೋಳಿಯ ಮೂಳೆ ಬೇಗ ಕೂಡುತ್ತದೆ, ಮೂರು ವಾರಕ್ಕೆ ಸಾಮಾನ್ಯವಾಗಿ ಕಟ್ಟು ತೆಗೆಯಬಹುದು.

ಮರಿಗಳನ್ನು ತಾಯಿಯ ಡಬ್ಬದೊಳಗೆ ಬಿಡಬೇಡಿ. ಮೂರು ವಾರದ ಮರಿಗೆ ತಾಯಿಯ ಬೆನ್ನು ಹತ್ತುವುದೇ ಆಟ, ಕೆಂಪು ಕಂಡರೆ ಕುಕ್ಕುವುದು ಇನ್ನೊಂದು ಆಟ. ಪಕ್ಕದಲ್ಲೇ ಜಾಲರಿಯ ಆಚೆ ಇಡಿ, ಒಬ್ಬರಿಗೊಬ್ಬರ ದನಿ ಕೇಳಲಿ. ರಾತ್ರಿ ಅವುಗಳಿಗೂ ಬಲ್ಬಿನ ಕಾವು ಬೇಕು. ಬಲ್ಬಿನ ಕೆಳಗೆ ಒಂದರ ಮೇಲೊಂದು ಗುಡ್ಡೆಯಾದರೆ ಚಳಿ, ಮೂಲೆಗೆ ಓಡಿದರೆ ಸೆಕೆ. ಆ ಪ್ರಕಾರ ಬಲ್ಬನ್ನು ಇಳಿಸಿ, ಇಲ್ಲವೇ ಏರಿಸಿ.

ರೇಬೀಸಿನ ಮಾತು. ಅದು ಹಾಲು ಕುಡಿಸುವ ಪ್ರಾಣಿಗಳ ರೋಗ. ಕೋಳಿಗೆ ಬರುವುದು ಬಹಳ ಬಹಳ ಅಪರೂಪ. ಆದರೆ ನಾಯಿಯ ಜೊಲ್ಲು ಹತ್ತಿದ ಕೋಳಿಯನ್ನು ನೀವು ಬರಿಗೈಯಲ್ಲಿ ಎತ್ತಿದ್ದೀರಿ. ಆವತ್ತು ಕೈಯಲ್ಲಿ ಗೀರು, ಗಾಯ ಇದ್ದಿದ್ದರೆ, ಅಥವಾ ನಾಯಿಯನ್ನು ಬಿಡಿಸುವಾಗ ಅದರ ಹಲ್ಲು, ಉಗುರು ತಾಗಿದ್ದರೆ ಸಾಬೂನು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಇವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಇದರಲ್ಲಿ ಸಂಕೋಚ ಬೇಡ, ತಡ ಬೇಡ. ನಾಳೆಯಿಂದ ಗಾಯ ಮುಟ್ಟುವಾಗ ಕೈಗವಸು ಹಾಕಿ, ಇಲ್ಲವೇ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಸುತ್ತಿಕೊಳ್ಳಿ.

ಮೊಟ್ಟೆ? ಮರಿ ಸಾಕುತ್ತಿರುವ ಹೇಂಟೆ ಸದ್ಯ ಇಡುವುದೇ ಇಲ್ಲ. ಈ ಪೆಟ್ಟಿನ ಮೇಲೆ ಇನ್ನೂ ಎರಡು ತಿಂಗಳು ಇಡದಿದ್ದರೂ ಆಶ್ಚರ್ಯವಿಲ್ಲ. ಇಟ್ಟರೆ, ಔಷಧಿ ಮುಗಿದು ಎಷ್ಟು ದಿನದ ಮೇಲೆ ತಿನ್ನಬಹುದು ಅಂತ ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಮಾಂಸಕ್ಕೂ ಇದೇ ಮಾತು. ಹಾಗಾಗಿ ಒಂದು ಚುಚ್ಚುಮದ್ದು ಬಿದ್ದ ಮೇಲೆ ಜಾತ್ರೆಗೆ ಬರುವ ಬೀಗರಿಗೆ ಈ ಕೋಳಿಯಂತೂ ಇಲ್ಲ, ಅವ್ವನಿಗೆ ಹೇಳಿ. ಆದರೆ ಅವ್ವನಿಗೇ ಇನ್ನೊಂದು ಮಾತನ್ನೂ ಹೇಳಬೇಕು. ಎರಡೂ ಕಾಲು ಚಾಚಿಕೊಂಡು ಚಿವುಟಿದರೂ ಎಳೆದುಕೊಳ್ಳದಿದ್ದರೆ, ಕೂತಲ್ಲೇ ಬಾಯಿ ತೆರೆದು ಬಾಲ ಮೇಲೆ ಕೆಳಗೆ ಆಡಿಸುತ್ತ ಉಸಿರೆಳೆಯುತ್ತಿದ್ದರೆ, ಕರುಳು ಹೊರಗೆ ಕಂಡರೆ, ನೋವು ಉದ್ದ ಮಾಡುವುದರಲ್ಲಿ ಅರ್ಥವಿಲ್ಲ. ಡಾಕ್ಟರ್ ಶಾಂತವಾಗಿ ಮುಗಿಸುತ್ತಾರೆ. ಅದನ್ನು ಅಡುಗೆ ಮಾಡದೆ ಆಳವಾಗಿ ಹೂಳಿ. ನಿಮ್ಮ ಪತ್ರದಲ್ಲಿ ಇವು ಯಾವುವೂ ಇಲ್ಲ.

ಗುಂಪಿಗೆ ಮತ್ತೆ ಸೇರಿಸುವುದು ಅವಸರದ ಕೆಲಸವಲ್ಲ. ವಾರಗಟ್ಟಲೆ ಕಣ್ಮರೆಯಾದ ಕೋಳಿ ಉಳಿದವುಗಳಿಗೆ ಹೊರಗಿನದು. ಕುಕ್ಕಾಟದ ಸರದಿ ಮೊದಲಿನಿಂದ ಶುರುವಾಗುತ್ತದೆ, ಕೆಂಪು ಚರ್ಮ ಕಂಡರಂತೂ ಎಲ್ಲವೂ ಅದನ್ನೇ ಕುಕ್ಕುತ್ತವೆ. ಗಾಯ ಪೂರ್ತಿ ಮುಚ್ಚಿ ಮೊಳಕೆ ಗರಿ ಕಂಡ ಮೇಲೆ, ಒಂದು ವಾರ ಹಗಲು ಜಾಲರಿ ಬುಟ್ಟಿಯಲ್ಲಿ ಅಂಗಳದ ನಡುವೆ ಇಡಿ. ಆಮೇಲೆ ಒಂದು ರಾತ್ರಿ, ಎಲ್ಲ ಮಲಗಿದ ಮೇಲೆ ಗೂಡಿಗೆ ಸೇರಿಸಿ. ಹುಂಜವನ್ನು ಇನ್ನೊಂದು ತಿಂಗಳು ದೂರವಿಡಿ, ಅದರ ಉಗುರು ಬೀಳುವುದು ಸರಿಯಾಗಿ ಆ ಬೆನ್ನಿನ ಮೇಲೇ.

ಐದು ದಿನ ಬಿಟ್ಟು ಫೋಟೊ ಕಳಿಸಿ. ಗಾಯದ್ದು ಬೇಡ, ಬೆಳಗಿನ ಹಿಕ್ಕೆಯದ್ದು ಸಾಕು. ಕಂದು ಉಂಡೆ, ತುದಿಗೆ ಸುಣ್ಣ ಹಚ್ಚಿದ ಹಾಗೆ ಬಿಳಿ ಇದ್ದರೆ ಹೊಟ್ಟೆಗೆ ಹೋಗುತ್ತಿದೆ ಅಂತ. ನಡುನಡುವೆ ಒಂದೊಂದು ಸಲ ಬೆಲ್ಲದ ಪಾಕದ ಹಾಗೆ ಅಂಟಂಟಾಗಿ, ನಾತದ ಹಿಕ್ಕೆ ಬೀಳುತ್ತದೆ. ಅದು ಭೇದಿಯಲ್ಲ, ಕೋಳಿಗೆ ಮಾಮೂಲು.